ಸೈಡರ್ ಮನೆಯಲ್ಲಿ ಲೋಟ ತುಂಬಿಸಬೇಡಿ

ಪ್ರಶ್ನೆ: ಫೆಬ್ರವರಿಯಲ್ಲಿ ಸ್ಪೇನಿನ ಸ್ಯಾನ್ ಸೆಬಾಸ್ಟಿಯನ್‌ಗೆ ಹೋಗ್ತಿದ್ದೇವೆ. ಅಲ್ಲಿನ ಸೈಡರ್ (ಸೇಬಿನ ಮದ್ಯ) ಮನೆಗಳಲ್ಲಿ ಒಂದು ಸಲ ದುಡ್ಡು ಕೊಟ್ಟರೆ ಎಷ್ಟು ಬೇಕಾದರೂ ಕುಡಿಯಬಹುದಂತೆ, ನಿಜಾನಾ? ಹೋಗೋದು ಹೇಗೆ?

ಈ ಪ್ರಶ್ನೆ ಯಾರು ಕೇಳಿದರೂ 'ಎಷ್ಟು ಬೇಕಾದರೂ' ಮೊದಲು ಬರುತ್ತದೆ, 'ಹೋಗೋದು ಹೇಗೆ' ಆಮೇಲೆ. ನಾನು ಎರಡನೆಯದನ್ನು ಮೊದಲು ಮುಗಿಸುತ್ತೇನೆ.

ನೀವು ಹೋಗುವ ಕಾಲ ಸರಿಯಾಗಿದೆ. ಶರತ್ಕಾಲದಲ್ಲಿ ಹಿಂಡಿದ ಸೇಬಿನ ರಸ ಹುದುಗಿ, ಜನವರಿ ನಡುವಿನಿಂದ ಹೆಚ್ಚುಕಡಿಮೆ ಏಪ್ರಿಲ್ ಕೊನೆಯವರೆಗೆ ಪೀಪಾಯಿಯಿಂದಲೇ ಕುಡಿಯಲು ಸಿಗುತ್ತದೆ. ಹೋಗಬೇಕಾದ ಊರು ಅಸ್ತಿಗರ್ರಾಗ, ಇಲ್ಲವೇ ಪಕ್ಕದ ಎರ್ನಾನಿ. ಸ್ಯಾನ್ ಸೆಬಾಸ್ಟಿಯನ್‌ನಿಂದ ಬಸ್ಸಿದೆ, ಕಾರು ಓಡಿಸಬೇಡಿ. ಶನಿವಾರವಾದರೆ ಮೊದಲೇ ಜಾಗ ಕಾದಿರಿಸಿ. ಅಷ್ಟೇ.

ಈಗ ಆ 'ಎಷ್ಟು ಬೇಕಾದರೂ' ವಿಷಯ. ಊಟದ ದುಡ್ಡಿನಲ್ಲೇ ಸೈಡರ್ ಸೇರಿರುತ್ತದೆ, ಎಷ್ಟು ಸಲ ಎದ್ದು ಹೋದಿರಿ ಎಂದು ಯಾರೂ ಎಣಿಸುವುದಿಲ್ಲ. ಅಷ್ಟು ನಿಜ. ಆದರೆ ಇದನ್ನು ಬಫೆ ಊಟ ಅಂದುಕೊಂಡು, ಕೊಟ್ಟ ದುಡ್ಡು ವಸೂಲಿ ಮಾಡಲು ಲೋಟ ತುಂಬಿಸಿಕೊಂಡು ಮೇಜಿಗೆ ಬರುತ್ತೀರಲ್ಲ, ಅಲ್ಲೇ ಕೆಟ್ಟಿತು. ನೂರು ಸಲ ಹೇಳಿದ್ದೇನೆ, ಇನ್ನೊಂದು ಸಲ ಹೇಳುತ್ತೇನೆ.

ಪೀಪಾಯಿಗೆ ಅಲ್ಲಿ ಕುಪೆಲಾ ಅನ್ನುತ್ತಾರೆ. ಆಳೆತ್ತರ ಮೀರಿದ, ಸಾವಿರಾರು ಲೀಟರ್ ಹಿಡಿಯುವ ಪೀಪಾಯಿಗಳು. ಹಿಂದೆ ಸೈಡರ್ ಕೊಳ್ಳುವವರು ಬಂದು ಒಂದೊಂದರ ರುಚಿ ನೋಡಿ, ಯಾವುದು ಬೇಕೋ ಅದನ್ನು ಆರಿಸುತ್ತಿದ್ದರು. ಬರಿಹೊಟ್ಟೆಯಲ್ಲಿ ಕುಡಿಯಲಾಗದು ಅಂತ ಊಟ ತಂದುಕೊಳ್ಳುತ್ತಿದ್ದರು. ಇವತ್ತಿನ ಊಟ ಬೆಳೆದದ್ದು ಅಲ್ಲಿಂದ. ಅಂದರೆ ಇದು ಹುಟ್ಟಿದ್ದೇ ರುಚಿ ನೋಡುವ ಕೆಲಸವಾಗಿ. ಪೀಪಾಯಿಯ ತೂತಿಗೆ ಸಿಕ್ಕಿಸುತ್ತಿದ್ದ ಪುಟ್ಟ ಕಡ್ಡಿಯ ಹೆಸರು ಚೊಚ್. ಈಗ ಮಾಲೀಕರು "ಚೊಚ್!" ಅಂತ ಕೂಗಿದರೆ 'ಪೀಪಾಯಿ ತೆರೆಯುತ್ತಿದ್ದೇನೆ, ಬನ್ನಿ' ಎಂದರ್ಥ. ಎಲ್ಲರೂ ಲೋಟ ಹಿಡಿದು ಎದ್ದು ಸಾಲು ನಿಲ್ಲುತ್ತಾರೆ. ನಲ್ಲಿ ನೀವಾಗಿಯೇ ತಿರುಗಿಸಬೇಡಿ.

ಸೈಡರ್ ದಾರದಂತೆ ದೂರಕ್ಕೆ ಚಿಮ್ಮುತ್ತದೆ. ಲೋಟ ಓರೆಯಾಗಿ ಹಿಡಿದು, ಧಾರೆ ಒಳಗೋಡೆಗೆ ಬಡಿಯುವಂತೆ ನೋಡಿಕೊಳ್ಳಿ. ಅದು ತೋರಿಕೆಗಲ್ಲ. ಈ ಸೈಡರ್‌ಗೆ ಗ್ಯಾಸ್ ಬೆರೆಸಿರುವುದಿಲ್ಲ, ಹುದುಗುವಾಗ ಹುಟ್ಟಿದ್ದು ಒಂದಿಷ್ಟು ಒಳಗೇ ಕರಗಿರುತ್ತದೆ. ಗಾಜಿಗೆ ಬಡಿದಾಗ ಅದು ಎಚ್ಚರಗೊಂಡು ಘಮ ಏಳುತ್ತದೆ. ಅರೆಗಳಿಗೆ ಬಿಟ್ಟರೆ ಮತ್ತೆ ಮಲಗುತ್ತದೆ. ಅದಕ್ಕೇ ಎರಡು ಬೆರಳಷ್ಟು ಹಿಡಿದು, ನಿಂತಲ್ಲೇ ಕುಡಿದು ಮುಗಿಸುವುದು. ತುಂಬಿಸಿಕೊಂಡು ಹೋಗಿ ಮಾಂಸದ ಜೊತೆ ಗುಟುಕರಿಸುತ್ತೀರೋ, ನೀವು ಕುಡಿಯುತ್ತಿರುವುದು ಸತ್ತ ಸೈಡರ್. ಹಿಂದೆ ನಿಂತವರ ಲೋಟ ನಿಮ್ಮ ಲೋಟದ ಕೆಳಗೆ ಬಂದು ಕಾಯುತ್ತಿರುತ್ತದೆ, ಧಾರೆ ನಿಲ್ಲುವುದಿಲ್ಲ. ನೀವು ತುಂಬಿಸುತ್ತಾ ನಿಂತರೆ ಇಡೀ ಸಾಲು ನಿಮ್ಮನ್ನೇ ನೋಡುತ್ತದೆ. ಆ ನೋಟ ನಾನೂ ತಿಂದಿದ್ದೇನೆ, ಮೊದಲ ಸಲ.

ಇನ್ನೊಂದು. ಸಿಹಿ ಜ್ಯೂಸ್ ನಿರೀಕ್ಷಿಸಬೇಡಿ. ಸಗರ್ದೋವಾ, ಅಂದರೆ ಅಲ್ಲಿನ ಸೈಡರ್, ಹುಳಿ, ಒಗರು, ಮಬ್ಬು. ಸುಮಾರು 6% ಆಲ್ಕೋಹಾಲ್. ನಮ್ಮ ಅಂಗಡಿಯ ಆಪಲ್ ಸೈಡರ್ ವಿನೆಗರ್ ಅಲ್ಲ, ಆದರೆ ಮೊದಲ ಗುಟುಕಿಗೆ ನೆನಪಾಗುವುದು ಅದೇ. ಮೂರನೆಯ ಪೀಪಾಯಿಗೆ ನಾಲಿಗೆ ಒಗ್ಗುತ್ತದೆ. ಒಂದೊಂದು ಪೀಪಾಯಿಯ ರುಚಿ ಬೇರೆ ಅಂತ ಗೊತ್ತಾಗುವುದೂ ಆಗಲೇ.

ಊಟದ ಪಟ್ಟಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಕಾಡ್ ಮೀನಿನ ಆಮ್ಲೆಟ್, ಹಸಿರು ಮೆಣಸಿನಕಾಯಿ ಜೊತೆ ಹುರಿದ ಕಾಡ್, ಕೆಂಡದ ಮೇಲೆ ಸುಟ್ಟ ದಪ್ಪ ದನದ ಮಾಂಸ ಚುಲೆಟಾ, ಕೊನೆಗೆ ಕುರಿಹಾಲಿನ ಇದಿಯಸಾಬಲ್ ಚೀಸ್. ದನದ ಮಾಂಸ ತಿನ್ನದವರು, ಸಸ್ಯಾಹಾರಿಗಳು ಜಾಗ ಕಾದಿರಿಸುವಾಗಲೇ ಹೇಳಿ. ಅಲ್ಲಿ ಹೋಗಿ ಹೇಳಿದರೆ ಬ್ರೆಡ್ಡೇ ಗತಿ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಸೇಬಿನ ತೋಟಗಳ ನಾಡಿನ ಊಟದಲ್ಲಿ ಕಾಡ್ ಯಾಕೆ ಬಂತು? ಅದು ಅವರ ಕಡಲಿನ ಮೀನಲ್ಲ, ತಣ್ಣನೆಯ ಉತ್ತರ ಕಡಲಿನದು. 16ನೇ ಶತಮಾನದಲ್ಲೇ ಈ ನಾಡಿನ ಬಾಸ್ಕ್ ಜನಾಂಗದ ನಾವಿಕರು ತಿಮಿಂಗಿಲ, ಕಾಡ್ ಹುಡುಕಿಕೊಂಡು ಅಟ್ಲಾಂಟಿಕ್ ದಾಟಿ ಈಗಿನ ಕೆನಡಾದ ಕರಾವಳಿವರೆಗೆ ಹೋಗುತ್ತಿದ್ದರು. ತಿಂಗಳುಗಟ್ಟಲೆ ಪಯಣ, ಇಟ್ಟ ನೀರು ಕೆಡುತ್ತಿತ್ತು, ಸೈಡರ್ ಕೆಡುತ್ತಿರಲಿಲ್ಲ. ಹೋಗುವಾಗ ಹಡಗಿನಲ್ಲಿ ಸೈಡರ್ ಪೀಪಾಯಿ, ಬರುವಾಗ ಉಪ್ಪು ಹಾಕಿದ ಕಾಡ್. ಎರಡೂ ಈಗ ಒಂದೇ ಮೇಜಿನಲ್ಲಿವೆ.

ಆ ಮೇಜಿಗೆ ಚೀಸ್ ಜೊತೆ ಅಕ್ರೋಟು ಸಿಪ್ಪೆ ಸಮೇತ ಬರುತ್ತದೆ, ಒಡೆದುಕೊಳ್ಳುವುದು ನಿಮ್ಮ ಕೆಲಸ. ಅರ್ಧ ಒಡೆದಿರುವಾಗಲೇ ಮತ್ತೆ "ಚೊಚ್!" ಕೇಳಿಸುತ್ತದೆ. ಅಕ್ರೋಟು ಬಿಟ್ಟು ಏಳಿ. ಎರಡೇ ಬೆರಳು, ಮರೀಬೇಡಿ.