ಮಳೆ ನಿಂತ ಮೇಲೂ ಹಳ್ಳ ಹರಿಯುವುದು ಹೇಗೆ?

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆ ಎಷ್ಟು ಮೋರಿಗಳನ್ನು ದಾಟುತ್ತದೆ ಎಂದು ಯಾರೂ ಎಣಿಸಲು ಹೋಗುವುದಿಲ್ಲ. ಬಹುತೇಕ ಪ್ರತಿ ಮೋರಿಯ ಕೆಳಗೂ ಒಂದು ಹಳ್ಳ ಇರುತ್ತದೆ. ಅದಕ್ಕೆ ಬೋರ್ಡ್ ಇಲ್ಲ. ಪಕ್ಕದ ತೋಟದ ಹೆಸರೋ, ಮೇಲಿರುವ ಚೌಡಿ ಬನದ ಹೆಸರೋ ಹೇಳಿ ಊರಿನವರು ಗುರುತಿಸುತ್ತಾರೆ, ಅಷ್ಟೇ. ಜುಲೈನಲ್ಲಿ ಕೆಂಪು ನೀರು ಹೊತ್ತು ಅಬ್ಬರಿಸುವ ಅದೇ ಹಳ್ಳ ಫೆಬ್ರವರಿಯಲ್ಲಿ ಕಲ್ಲುಗಳ ಸಂದಿಯಲ್ಲಿ ಸಣ್ಣಗೆ ಹರಿಯುತ್ತಿರುತ್ತದೆ. ನವೆಂಬರ್ ಕಳೆದ ಮೇಲೆ ಹೇಳಿಕೊಳ್ಳುವಂಥ ಮಳೆ ಬಂದಿರುವುದಿಲ್ಲ. ಆದರೂ ನೀರು ಇರುತ್ತದೆ. ಎಲ್ಲಿಂದ ಬಂತು ಈ ನೀರು?

ಈ ಪ್ರಶ್ನೆಗೆ ಉತ್ತರ ಹುಡುಕಿದರೆ ನದಿಗಳ ಅರ್ಧ ಕಥೆ ಗೊತ್ತಾದಂತೆ.

ಹೇಮಾವತಿ ಹುಟ್ಟುವುದು ಜಾವಳಿಯ ಹತ್ತಿರ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಸರಿಯೇ. ಆದರೆ ಗೊರೂರು ಅಣೆಕಟ್ಟೆಗೆ ಬಂದು ಸೇರುವ ನೀರು ಆ ಒಂದು ಜಾಗದಿಂದ ಬಂದದ್ದಲ್ಲ. ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆಯ ಲೆಕ್ಕವಿಲ್ಲದಷ್ಟು ಹಳ್ಳಗಳು ಒಂದಕ್ಕೊಂದು ಕೂಡಿ ಬಂದ ನೀರು ಅದು. ಇವುಗಳನ್ನು ವರ್ಗ ಮಾಡಲು ಒಂದು ಸರಳ ಪದ್ಧತಿ ಇದೆ. ಅಮೆರಿಕದ ರಾಬರ್ಟ್ ಹಾರ್ಟನ್ 1945ರಲ್ಲಿ ಹೇಳಿದ್ದನ್ನು ಮುಂದೆ ಆರ್ಥರ್ ಸ್ಟ್ರಾಹ್ಲರ್ ತಿದ್ದಿ ಸುಲಭ ಮಾಡಿದರು. ಬೇರೆ ಯಾವ ಹಳ್ಳವೂ ಬಂದು ಸೇರದ, ಗುಡ್ಡದ ನೆತ್ತಿಯಲ್ಲಿ ಹುಟ್ಟಿದ ಹಳ್ಳ ಒಂದನೇ ದರ್ಜೆಯದು. ಅಂಥ ಎರಡು ಸೇರಿದರೆ ಎರಡನೇ ದರ್ಜೆ. ಎರಡನೇ ದರ್ಜೆಯ ಎರಡು ಸೇರಿದರೆ ಮೂರನೇ ದರ್ಜೆ. ಹೀಗೆ ಲೆಕ್ಕ ಹಾಕಿದಾಗ ಸಾಮಾನ್ಯವಾಗಿ ಕಾಣುವ ಸಂಗತಿ ಏನೆಂದರೆ, ಒಂದು ನದಿ ಜಾಲದ ಒಟ್ಟು ಉದ್ದದಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಈ ಒಂದನೇ ದರ್ಜೆಯ ಪುಟ್ಟ ಹಳ್ಳಗಳದ್ದೇ. ನದಿ ಅಂತ ನಾವು ಸೇತುವೆ ಮೇಲೆ ನಿಂತು ನೋಡುವುದು ಉಳಿದ ಭಾಗವನ್ನು.

ನಮ್ಮ ಕಡೆ ಇನ್ನೊಂದು ವಿಶೇಷ ಇದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯಲು ಶುರು ಮಾಡಿದರೆ ಅಲ್ಲಿನ ಹಳ್ಳಗಳೆಲ್ಲ ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತವೆ. ಇತ್ತ ಕಡೆಯವು ಹೇಮಾವತಿ, ಕಾವೇರಿ ಅಂತ ಇಡೀ ದಕ್ಷಿಣ ಭಾರತ ಸುತ್ತಿ ಬಂಗಾಳ ಕೊಲ್ಲಿ ಸೇರುತ್ತವೆ. ಸಕಲೇಶಪುರ ತಾಲೂಕಿನ ಬಿಸಿಲೆ ಹತ್ತಿರ ಮಂಕನಹಳ್ಳಿಯಲ್ಲಿ ಈ ಎರಡು ದಿಕ್ಕನ್ನು ಕೆತ್ತಿದ ಕಲ್ಲೇ ಇದೆ. ಬಾಬಾಬುಡನ್‌ಗಿರಿ ಸಾಲಿನ ಮೇಲೆ ಬಿದ್ದ ಮಳೆಯೂ ಹಾಗೇ ಪಾಲಾಗುತ್ತದೆ. ಒಂದು ಮಗ್ಗುಲಿನದು ಯಗಚಿಯಾಗಿ ಕಾವೇರಿ ಕಡೆಗೆ, ಇನ್ನೊಂದು ಮಗ್ಗುಲಿನದು ಭದ್ರಾ, ವೇದಾವತಿಗಳ ಮೂಲಕ ಕೃಷ್ಣೆಯ ಕಡೆಗೆ.

ಈಗ ಬೇಸಿಗೆಯ ನೀರಿಗೆ ಬರೋಣ. ಮಲೆನಾಡಿನ ಗುಡ್ಡಗಳ ಒಳಗೆ ಇರುವುದು ಬಹುಮಟ್ಟಿಗೆ ನೈಸ್ ಎಂಬ ಹಳೇ ಬಂಡೆ, ಸುಮಾರು 300 ಕೋಟಿ ವರ್ಷ ಹಿಂದಿನದು. ಗಟ್ಟಿ ಬಂಡೆಯೊಳಗೆ ನೀರು ನಿಲ್ಲುವುದು ಕಡಿಮೆ, ಬಿರುಕುಗಳಲ್ಲಿ ಮಾತ್ರ ಒಂದಿಷ್ಟು. ಆದರೆ ಲಕ್ಷಾಂತರ ವರ್ಷ ಮಳೆ, ಬಿಸಿಲು, ಬೇರು ಎಲ್ಲ ಸೇರಿ ಆ ಬಂಡೆಯ ಮೇಲ್ಭಾಗವನ್ನು ಕೊಳೆಸಿ ಮೆತ್ತಗೆ ಮಾಡಿವೆ. ರಸ್ತೆ ಅಗಲ ಮಾಡಲು ಧರೆ ಕಡಿದಾಗ ನೋಡಿ, ಮೇಲೆ ಕಪ್ಪು ಮಣ್ಣು, ಕೆಳಗೆ ಕೆಂಪು, ಅದರ ಕೆಳಗೆ ಬಂಡೆಯ ಗೆರೆಗಳು ಇನ್ನೂ ಕಾಣುವ, ಆದರೆ ಉಗುರಿನಲ್ಲಿ ಕೆರೆದರೆ ಉದುರುವ ಒಂದು ಪದರ ಸಿಗುತ್ತದೆ. ನೀರಿನ ಉಗ್ರಾಣ ಅದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆಯಲ್ಲಿ ಒಂದು ಪಾಲು ಇಲ್ಲಿಗೆ ಇಳಿಯುತ್ತದೆ. ಮಳೆ ನಿಂತ ಮೇಲೆ, ಮಣ್ಣಿನ ಗಡಿಗೆ ಜಿನುಗುವ ಹಾಗೆ, ಗುಡ್ಡ ತನ್ನ ಬುಡದಲ್ಲಿ ನಿಧಾನವಾಗಿ ನೀರು ಬಿಡುತ್ತದೆ. ಆ ಜಿನುಗು ಹೊರಬರುವ ಜಾಗವೇ ಒರತೆ. ಒರತೆಗಳು ಕೂಡಿದರೆ ಹಳ್ಳ.

ಅಂದರೆ ಫೆಬ್ರವರಿಯಲ್ಲಿ ನಿಮ್ಮ ಕಾಲಿಗೆ ತಾಗುವ ನೀರು ಬಹುಪಾಲು ಹಿಂದಿನ ಮುಂಗಾರಿನದು, ಕೆಲವೊಮ್ಮೆ ಅದಕ್ಕೂ ಹಿಂದಿನದು. ಇನ್ನೂ ಆಶ್ಚರ್ಯದ ಸಂಗತಿ ಇದೆ. ಜಗತ್ತಿನ ಅನೇಕ ಕಡೆ ಕಾಡಿನ ಹಳ್ಳಗಳಲ್ಲಿ ನೀರಿನ ಐಸೋಟೋಪ್‌ಗಳನ್ನು, ಅಂದರೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣುಗಳನ್ನು, ಅಳೆದು ನೋಡಿದಾಗ, ಜೋರು ಮಳೆ ಬಂದು ಹಳ್ಳ ಉಕ್ಕುವಾಗಲೂ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು ಆ ದಿನದ ಮಳೆಯದಲ್ಲ ಎಂದು ಗೊತ್ತಾಯಿತು. ಹೊಸ ಮಳೆ ಮಣ್ಣಿಗಿಳಿದು, ಅಲ್ಲಿ ಮೊದಲೇ ಇದ್ದ ಹಳೇ ನೀರನ್ನು ಮುಂದಕ್ಕೆ ತಳ್ಳುತ್ತದೆ. ಕಾಡಿನ ಮಣ್ಣು ಹೀಗೆ ನೀರು ಕುಡಿಯಲು ಅದರಲ್ಲಿ ತೂತುಗಳು ಬೇಕು. ಬೇರು ಸತ್ತು ಬಿಟ್ಟ ದಾರಿ, ಗೆದ್ದಲು, ಎರೆಹುಳು ಕೊರೆದ ದಾರಿ, ಮೇಲೆ ದರಗಿನ ಹೊದಿಕೆ. ದನ ತುಳಿದು, ಜೆಸಿಬಿ ಓಡಾಡಿ ಗಟ್ಟಿಯಾದ ನೆಲದಲ್ಲಿ ಇವು ಮುಚ್ಚಿಹೋಗುತ್ತವೆ. ಆಗ ಅಷ್ಟೇ ಮಳೆ ಬಂದರೂ ಜುಲೈನಲ್ಲಿ ಪ್ರವಾಹ ಜಾಸ್ತಿ, ಫೆಬ್ರವರಿಯಲ್ಲಿ ನೀರು ಕಡಿಮೆ. ಮಳೆ ಕಡಿಮೆಯಾಯಿತು ಎಂದು ನಾವು ಮಾತಾಡುತ್ತೇವೆ. ಎಷ್ಟೋ ಕಡೆ ಕಡಿಮೆಯಾಗಿರುವುದು ಮಳೆಯಲ್ಲ, ಮಳೆಯನ್ನು ಹಿಡಿದಿಟ್ಟುಕೊಳ್ಳುವ ನೆಲ.

ಹಡ್ಲುಗಳ ಬಗ್ಗೆ ಇಲ್ಲಿ ಹೇಳಲೇಬೇಕು. ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ, ವರ್ಷದ ಬಹುಕಾಲ ಜೌಗಾಗಿರುವ ಜಾಗ ಅದು. ಹಿರಿಯರು ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ ಮಾಡಿದರು. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಬದುವಿನ ಕಂಡಿಯಲ್ಲಿ ನೀರು ಇಳಿಯುತ್ತಿತ್ತು, ಮಳೆಗಾಲದ ನಾಲ್ಕು ತಿಂಗಳು ಇಡೀ ತಗ್ಗು ನೀರು ಹಿಡಿದು ನಿಲ್ಲುತ್ತಿತ್ತು. ಭತ್ತದಲ್ಲಿ ಲಾಭವಿಲ್ಲ ಎಂಬುದು ನಿಜ, ಆಳು ಸಿಗುವುದಿಲ್ಲ ಎಂಬುದೂ ನಿಜ. ರೈತರನ್ನು ಇದಕ್ಕೆ ದೂರುವುದು ಅನ್ಯಾಯ. ಆದರೆ ಹಡ್ಲಿಗೆ ಬಸಿಗಾಲುವೆ ಹೊಡೆದು ಅಡಿಕೆಯೋ ಕಾಫಿಯೋ ಹಾಕಿದಾಗ, ಇಲ್ಲಾ ಶುಂಠಿಗೆ ಕೊಟ್ಟಾಗ, ಆ ನೀರು ನಿಲ್ಲದೆ ನೇರ ಹಳ್ಳಕ್ಕೆ ಓಡುತ್ತದೆ. ಹಳ್ಳದ ಬೇಸಿಗೆ ಅಲ್ಲಿಂದಲೇ ಬೇಗ ಶುರುವಾಗುತ್ತದೆ.

ಇನ್ನು ಹಳ್ಳದೊಳಗೆ ಇಣುಕೋಣ. ಮರಗಳ ನೆರಳಿರುವ ಸಣ್ಣ ಹಳ್ಳದಲ್ಲಿ ಪಾಚಿ ಬೆಳೆಯುವಷ್ಟು ಬಿಸಿಲು ಬೀಳುವುದಿಲ್ಲ. ಹಾಗಾದರೆ ಅಲ್ಲಿನ ಜೀವಿಗಳು ತಿನ್ನುವುದು ಏನನ್ನು? ಮುಖ್ಯವಾಗಿ ದಡದ ಮರಗಳಿಂದ ಬಿದ್ದ ಎಲೆಯನ್ನು. ಆದರೆ ಹೊಸದಾಗಿ ಬಿದ್ದ ಎಲೆ ಹುಳುಗಳಿಗೆ ಅಷ್ಟು ರುಚಿಸುವುದಿಲ್ಲ. ಮೊದಲು ಅದರ ಮೇಲೆ ಒಂದು ಬಗೆಯ ನೀರಿನ ಶಿಲೀಂಧ್ರ ಹತ್ತಬೇಕು, ಎಲೆ ಮೆತ್ತಗಾಗಬೇಕು. ಸಣ್ಣ ಜಿಗಿತದ ಕೆಳಗೆ ಬಿಳಿ ನೊರೆ ಕಟ್ಟಿರುವುದನ್ನು ನೋಡಿದ್ದೀರಲ್ವಾ? ಎಲ್ಲ ನೊರೆಯೂ ಸೋಪಿನದಲ್ಲ. ಕೊಳೆತ ಎಲೆಗಳಿಂದ ಬಿಟ್ಟ ವಸ್ತುಗಳೂ ನೊರೆ ಎಬ್ಬಿಸುತ್ತವೆ. ಆ ನೊರೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ನಾಲ್ಕು ಕೈ ಚಾಚಿದ ನಕ್ಷತ್ರದಂಥ ಬೀಜಕಣಗಳು ಕಾಣುತ್ತವೆ, ಅವು ಈ ಶಿಲೀಂಧ್ರಗಳವು. ಇಂಗ್ಲೆಂಡಿನ ಸಿ.ಟಿ. ಇಂಗೋಲ್ಡ್ 1942ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಜಗತ್ತಿನ ಎಲ್ಲೆಡೆ ಹುಡುಕಾಟ ಶುರುವಾಯಿತು. ಪಶ್ಚಿಮಘಟ್ಟದ ಹಳ್ಳಗಳಲ್ಲೂ ಇವು ಹೇರಳ.

ಜನವರಿಯಲ್ಲಿ, ನೀರು ಕಲ್ಲುಗಳ ಮೇಲೆ ಸದ್ದು ಮಾಡಿಕೊಂಡು ಹರಿಯುವ ಕಡೆ ಒಂದು ಅಂಗೈಯಗಲದ ಕಲ್ಲನ್ನು ಮೆಲ್ಲಗೆ ಎತ್ತಿ ತಿರುಗಿಸಿ. ಚಪ್ಪಟೆ ಮೈಯ, ಬಾಲದಲ್ಲಿ ಮೂರು ಕೂದಲೆಳೆ ಇರುವ ಮರಿಹುಳುಗಳು ಬೆಳಕು ಕಂಡ ಕೂಡಲೇ ಕಲ್ಲಿನ ಅಡಿಗೆ ಸರಸರ ಓಡುತ್ತವೆ. ಇವು ಮೇಫ್ಲೈ ಎಂಬ ಕೀಟದ ಮರಿಗಳು. ಹೊಟ್ಟೆಯ ಎರಡೂ ಬದಿ ಅಲುಗಾಡುವ ಎಸಳುಗಳು ಅದರ ಕಿವಿರು. ಪಕ್ಕದಲ್ಲೇ ಮರಳಿನ ಕಣಗಳನ್ನು ಅಂಟಿಸಿ ಕಟ್ಟಿದ ಸಣ್ಣ ಕೊಳವೆ ಇರಬಹುದು, ಮುಟ್ಟಿದರೆ ಒಳಗಿನ ಹುಳು ತಲೆ ಎಳೆದುಕೊಳ್ಳುತ್ತದೆ. ಅದು ಕ್ಯಾಡಿಸ್‌ಫ್ಲೈ ಮರಿ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದ ಹಾಗೇ ಇಡಿ, ಅದು ಎಷ್ಟೋ ಜೀವಗಳ ಮನೆ. ಇಂಥ ಹುಳುಗಳಲ್ಲಿ ಹೆಚ್ಚಿನವಕ್ಕೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿರಬೇಕು. ಸಮುದ್ರಮಟ್ಟದ ಲೆಕ್ಕದಲ್ಲಿ 20 ಡಿಗ್ರಿ ಬಿಸಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 30 ಡಿಗ್ರಿಯಾದರೆ ಏಳೂವರೆ. ದಡದ ಮರ ಕಡಿದರೆ ನೆರಳು ಹೋಗಿ ನೀರು ಬಿಸಿಯಾಗುತ್ತದೆ, ಊಟವೂ ಹೋಗುತ್ತದೆ, ಉಸಿರೂ ಕಡಿಮೆಯಾಗುತ್ತದೆ.

ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಒಂದು ಕಪ್ಪೆ ಇದೆ, ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಸಿ.ಆರ್. ನಾರಾಯಣ ರಾವ್ 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಕಪ್ಪೆ. ಇದು ಕುಣಿಯುವ ಕಪ್ಪೆಗಳ ಗುಂಪಿನದು. ಹಳ್ಳದ ಸದ್ದಿನಲ್ಲಿ ವಟಗುಟ್ಟಿದರೆ ಕೇಳಿಸುವುದು ಕಷ್ಟ. ಹಾಗಾಗಿ ಈ ಗುಂಪಿನ ಗಂಡುಗಳು ನೀರಿನ ನಡುವಿನ ಕಲ್ಲಿನ ಮೇಲೆ ಕೂತು, ಕೂಗುವುದರ ಜೊತೆಗೆ ಹಿಂಗಾಲನ್ನು ಪೂರಾ ಚಾಚಿ ಬೆರಳು ಬಿಡಿಸಿ ಜಾಲಪಾದ ತೋರಿಸುತ್ತವೆ. ಎಂಥ ಚಂದದ ಉಪಾಯ! ಇದೇ ಗುಂಪಿನ ಒಂದು ಜಾತಿಯ ಗೊದಮೊಟ್ಟೆಗಳು ಹಳ್ಳದ ತಳದ ಮರಳಿನ ಒಳಗೇ ಹುದುಗಿ ಬೆಳೆಯುತ್ತವೆ ಎಂಬುದು 2016ರಲ್ಲಿ ಗೊತ್ತಾಯಿತು. ಹೂಳೆತ್ತುತ್ತೇವೆ ಎಂದು ಹಳ್ಳಕ್ಕೆ ಜೆಸಿಬಿ ಇಳಿಸಿ ಕಲ್ಲು, ಮರಳು ಎಲ್ಲ ಬಾಚಿ ಚರಂಡಿಯ ಹಾಗೆ ನೇರ ಮಾಡುವುದನ್ನು ನೋಡಿದಾಗ ನನಗೆ ಮೊದಲು ನೆನಪಾಗುವುದು ಈ ಮರಿಗಳು.

ಮುಂಗಾರಿನ ಮೊದಲ ದೊಡ್ಡ ಮಳೆಗೆ ಹತ್ತುಮೀನು ಹತ್ತುವುದು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಮೊಟ್ಟೆ ಇಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಅವು ಏರಿ ಬರುತ್ತವೆ. ಮೋರಿಗೆ ಹಾಕಿದ ಹ್ಯೂಮ್ ಪೈಪಿನ ಕೆಳತುದಿಯಲ್ಲಿ ನೀರು ಬಿದ್ದು ಬಿದ್ದು ಗುಂಡಿಯಾಗಿ, ಪೈಪಿನ ಬಾಯಿ ಒಂದೆರಡು ಅಡಿ ಮೇಲೆ ಉಳಿದರೆ ಸಣ್ಣ ಮೀನಿಗೆ ಅಲ್ಲಿಗೆ ದಾರಿ ಮುಗಿಯಿತು. ಪೈಪನ್ನು ಹಳ್ಳದ ತಳಕ್ಕಿಂತ ಸ್ವಲ್ಪ ಕೆಳಗೆ ಹೂತರೆ ಸಾಕು, ಇದು ತಪ್ಪುತ್ತದೆ.

ಹಳ್ಳಕ್ಕೆ ಅತಿ ಕಷ್ಟದ ಕಾಲ ಡಿಸೆಂಬರ್‌ನಿಂದ ಮಾರ್ಚ್. ನೀರು ಇಳಿಯುತ್ತಾ ಬರುವ ಹೊತ್ತಿಗೇ ಕಾಫಿ ಕೊಯ್ಲು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್. ಹಣ್ಣಿನ ಸಿಪ್ಪೆ, ಲೋಳೆಯಲ್ಲಿರುವ ಸಕ್ಕರೆ ನೀರಿನಲ್ಲಿ ಹುಳಿ ಬರುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ. ಈ ಬೇಡಿಕೆಯನ್ನು ಬಿಒಡಿ ಎಂದು ಅಳೆಯುತ್ತಾರೆ. ಮನೆಯ ಚರಂಡಿ ನೀರಿನಲ್ಲಿ ಅದು ಲೀಟರಿಗೆ ಕೆಲವು ನೂರು ಮಿಲಿಗ್ರಾಂ, ಪಲ್ಪರ್ ನೀರಿನಲ್ಲಿ ಸಾವಿರಗಟ್ಟಲೆ. ಅಂಥ ನೀರು ಬಿಟ್ಟ ಕಡೆ ಕಲ್ಲು ತಿರುಗಿಸಿದರೆ ಮೂರು ಬಾಲದ ಹುಳು ಸಿಗುವುದಿಲ್ಲ. ಬೂದು ಬಣ್ಣದ ಲೋಳೆ ಎಳೆ, ಕೆಸರಿನಲ್ಲಿ ಕೆಂಪು ಹುಳು ಸಿಗುತ್ತವೆ. ಆ ಹುಳು ಕೆಂಪಗಿರುವುದು ಹಿಮೋಗ್ಲೋಬಿನ್‌ನಿಂದ, ಸಿಕ್ಕಷ್ಟು ಆಮ್ಲಜನಕವನ್ನು ಹಿಡಿದುಕೊಂಡು ಬದುಕಲು. ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡಬಾರದು ಎಂದು ನಿಯಮವಿದೆ. ಗುಂಡಿಯಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಹುಳಿ ಇಳಿಸಿ, ಕೊಳೆಸಿ, ಗಾಳಿಯಾಡಿಸುವ ವಿಧಾನಗಳೂ ಇವೆ. ಎಷ್ಟೋ ಬೆಳೆಗಾರರು ಇದನ್ನು ಶ್ರದ್ಧೆಯಿಂದ ಮಾಡುತ್ತಾರೆ. ಆದರೆ ಮೇಲಿನ ಒಬ್ಬರು ರಾತ್ರಿ ತೂಬು ತೆಗೆದರೆ ಕೆಳಗಿನ ಎಲ್ಲರಿಗೂ ಅದೇ ನೀರು.

ಆಮೇಲೆ ರೊಬಸ್ಟಾ ಕಾಫಿಗೆ ಹೂವಿನ ನೀರು, ಅಂದರೆ ಹೂ ಅರಳಿಸಲು ಕೊಡುವ ನೀರು. ಮಳೆ ಕಾಯದೆ ಫೆಬ್ರವರಿ–ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹೊಡೆಯುವುದು ಈಗ ಎಲ್ಲ ಕಡೆ ರೂಢಿ. ಹಳ್ಳಕ್ಕೆ ಇದು ಎಷ್ಟು ಭಾರ ಎಂದು ಸುಮ್ನೆ ಊಹಿಸುವ ಬದಲು ಅಳೆದೇ ನೋಡಬಹುದು. ಹಳ್ಳ ನೇರವಾಗಿರುವ ಕಡೆ 10 ಮೀಟರ್ ಗುರುತು ಮಾಡಿ, ಒಂದು ಒಣ ಕಡ್ಡಿ ಬಿಟ್ಟು ಎಷ್ಟು ಸೆಕೆಂಡಿಗೆ ದಾಟುತ್ತದೆ ನೋಡಿ. ಅಗಲ 60 ಸೆಂಟಿಮೀಟರ್, ಆಳ 10, ಕಡ್ಡಿಗೆ 50 ಸೆಕೆಂಡ್ ಬೇಕಾಯಿತು ಅಂದುಕೊಳ್ಳಿ. ಸೆಕೆಂಡಿಗೆ 12 ಲೀಟರ್ ಆಯಿತು. ತಳದಲ್ಲಿ ನೀರು ನಿಧಾನವಾಗಿ ಹರಿಯುವುದರಿಂದ ಐದನೇ ಒಂದು ಭಾಗ ಕಳೆದರೆ ಹತ್ತಿರ ಹತ್ತಿರ ಒಂಬತ್ತೂವರೆ ಲೀಟರ್. ದಿನಕ್ಕೆ ಸುಮಾರು 8 ಲಕ್ಷ ಲೀಟರ್. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಒಂದು ಲಕ್ಷ ಲೀಟರಿಗೆ ಸ್ವಲ್ಪ ಜಾಸ್ತಿ. 20 ಎಕರೆ ತೋಟಕ್ಕೆ ಒಂದೂವರೆ ಇಂಚು ಹೊಡೆದರೆ 30 ಲಕ್ಷ ಲೀಟರ್ ದಾಟಿತು. ಹಳ್ಳದ ಹನಿ ಹನಿಯನ್ನೂ ಹೆಚ್ಚುಕಮ್ಮಿ ನಾಲ್ಕು ದಿನ ಹಿಡಿದ ಹಾಗೆ. ಒಂದೇ ಹಳ್ಳಕ್ಕೆ ಒಂದೇ ವಾರದಲ್ಲಿ ಮೂರು ತೋಟದವರು ಮೋಟರ್ ಇಳಿಸಿದರೆ ಮೀನು, ಏಡಿ, ಕೆಳಗಿನ ಊರಿನವರ ಕುಡಿಯುವ ನೀರು ಯಾವುದಕ್ಕೂ ಪಾಲು ಉಳಿಯುವುದಿಲ್ಲ.

ಸಣ್ಣ ಹಳ್ಳಗಳನ್ನು ವರ್ಷಾನುಗಟ್ಟಲೆ ಅಳೆದಿಡುವವರು ಇಲ್ಲದಿರುವುದು ದೊಡ್ಡ ಯೋಜನೆಗಳಲ್ಲೂ ಕಾಡುತ್ತದೆ. ಪಶ್ಚಿಮಕ್ಕೆ ಹರಿಯುವ ನೀರನ್ನು ಬಯಲುಸೀಮೆಗೆ ಒಯ್ಯುವ ಸಕಲೇಶಪುರದ ಎತ್ತಿನಹೊಳೆ ಯೋಜನೆಯಲ್ಲಿ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ 24.01 ಟಿಎಂಸಿ ನೀರು ಸಿಗುತ್ತದೆ ಎಂದು ಸರ್ಕಾರದ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳ ಲೆಕ್ಕದಲ್ಲಿ ಅದು ಹತ್ತಕ್ಕೂ ಕಡಿಮೆ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತದ ಪಂಪು ಶುರುವಾಗಿದೆ. ವಾದ ಇನ್ನೂ ಮುಗಿದಿಲ್ಲ.

ನಮ್ಮ ಮಟ್ಟದ ಲೆಕ್ಕಕ್ಕೆ ಅಷ್ಟು ಕಾಯಬೇಕಿಲ್ಲ. ಕಂದಾಯ ದಾಖಲೆಯಲ್ಲಿ ಹಳ್ಳ ಬಿ ಖರಾಬು, ಅಂದರೆ ಅದು ಯಾವ ತೋಟದವರ ಸ್ವಂತದ್ದೂ ಅಲ್ಲ. ದಡದ ಮರಗಳನ್ನು ಬಿಟ್ಟುಬಿಡಿ, ಅತ್ತಿ, ಹೊಳೆಮತ್ತಿ, ನೇರಳೆ ಯಾವುದಿದ್ದರೂ ಸರಿ. ಅಕ್ಟೋಬರ್, ನವೆಂಬರ್‌ನಲ್ಲಿ ಹಳ್ಳದಲ್ಲಿ ನೀರು ಇನ್ನೂ ತುಂಬಿ ಹರಿಯುವಾಗಲೇ ತೋಟದ ಕೆರೆ ತುಂಬಿಸಿಕೊಂಡರೆ ಫೆಬ್ರವರಿಯಲ್ಲಿ ಹಳ್ಳಕ್ಕೆ ಪೈಪ್ ಹಾಕುವ ದಿನಗಳು ಕಡಿಮೆಯಾಗುತ್ತವೆ. ಒಂದೇ ಹಳ್ಳದ ತೋಟದವರು ಸರದಿ ಹಾಕಿಕೊಂಡರೆ, ಇವತ್ತು ಮೇಲಿನವರು, ಮೂರು ದಿನ ಬಿಟ್ಟು ಕೆಳಗಿನವರು ಅಂತ, ಹೂವಿಗೂ ತಡವಾಗುವುದಿಲ್ಲ. ರಾತ್ರಿ ಮೋಟರ್ ನಿಲ್ಲಿಸಿದರೆ ಅಷ್ಟು ಹೊತ್ತಿನ ನೀರಾದರೂ ಕೆಳಗೆ ಹೋಗುತ್ತದೆ. ಹಳ್ಳ ಹರಿಯುವುದು ನಿಂತ ತಾರೀಖನ್ನು, ತೋಟದ ಮಳೆ ಪುಸ್ತಕದಲ್ಲಿ ಇಂಚಿನ ಲೆಕ್ಕ ಬರೆಯುತ್ತೇವಲ್ಲ, ಅದರ ಪಕ್ಕದಲ್ಲೇ ಬರೆಯಬಹುದು.