ಟೊಮೆಟೊ ಕೆಂಪಗಿದ್ದರೂ ರುಚಿ ಯಾಕಿಲ್ಲ?

ತೋಟಗಾರಿಕೆಯ ಕೆಲಸದಲ್ಲಿರುವ ನನಗೆ ಬೆಳೆಗಾರರೂ ಕೊಳ್ಳುವವರೂ ಕೇಳುವ ಪ್ರಶ್ನೆ ಒಂದೇ. ‘ನೋಡೋಕೆ ಇಷ್ಟು ಕೆಂಪಗಿದೆ, ಬಾಯಿಗಿಟ್ಟರೆ ಬರೀ ನೀರು. ಯಾಕೆ ಸಾರ್?’ ಕೆಂಪು ಇದ್ದರೆ ರುಚಿ ಇರಲೇಬೇಕು ಎಂದು ನಾವೆಲ್ಲ ನಂಬಿದ್ದೇವೆ, ಅಲ್ವಾ? ಬಣ್ಣಕ್ಕೂ ರುಚಿಗೂ ನಂಟಿರುವುದು ನಿಜ. ಆದರೆ ಅದು ನಾವು ಅಂದುಕೊಂಡಷ್ಟು ನೇರವಾದ ನಂಟಲ್ಲ.

ಟೊಮೆಟೊ ಗೊಜ್ಜು ಕುದಿದ ಮೇಲೆ ಮೇಲೆ ತೇಲುವ ಎಣ್ಣೆ ಕೆಂಪಗಿರುತ್ತದೆ. ಅದಕ್ಕೆ ಮೆಣಸಿನ ಪುಡಿಯೊಂದೇ ಕಾರಣವಲ್ಲ. ಟೊಮೆಟೊದ ಕೆಂಪು ಬಣ್ಣವಾದ ಲೈಕೋಪೀನ್ ಕೂಡ ಎಣ್ಣೆಯಲ್ಲಿ ಕರಗುತ್ತದೆ. ಶುದ್ಧ ಲೈಕೋಪೀನ್‌ಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಅದು 40 ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ. ಅಷ್ಟು ಭಾರದ ಅಣು ಗಾಳಿಗೆ ಏರುವುದಿಲ್ಲ. ಗಾಳಿಗೆ ಏರದಿದ್ದರೆ ಮೂಗಿಗೆ ತಲುಪುವುದಿಲ್ಲ.

ಹಣ್ಣು ಮಾಗುತ್ತಾ ಹೋದಂತೆ ಒಂದು ಕಿಣ್ವ ಈ ಸರಪಳಿಯನ್ನು ಗೊತ್ತಾದ ಜಾಗಗಳಲ್ಲಿ ಕತ್ತರಿಸುತ್ತದೆ. ಎಂಟು, ಹತ್ತು, ಹದಿಮೂರು ಇಂಗಾಲಗಳ ಸಣ್ಣ ತುಂಡುಗಳು ಉಳಿಯುತ್ತವೆ. ಅವು ಹಗುರ, ಸುಲಭವಾಗಿ ಗಾಳಿಗೆ ಏರುತ್ತವೆ. ನಾವು ಟೊಮೆಟೊ ಪರಿಮಳ ಅನ್ನುವುದರಲ್ಲಿ ಒಂದು ಮುಖ್ಯ ಪಾಲು ಈ ತುಂಡುಗಳದ್ದು. ಬಣ್ಣ ಮುರಿದಾಗಲೇ ಅದರಿಂದ ಪರಿಮಳ ಹುಟ್ಟುವುದು.

ಯಾವ ಬಣ್ಣ ಮುರಿಯುತ್ತದೆ ಅನ್ನುವುದರ ಮೇಲೆ ಪರಿಮಳವೂ ಬದಲಾಗುತ್ತದೆ. ಲೈಕೋಪೀನ್ ಇರುವ ಕೆಂಪು ಹಣ್ಣಿನಲ್ಲಿ ಜೆರಾನಿಯಲ್ ಎಂಬ ವಸ್ತು ಸಿಗುತ್ತದೆ. ನಿಂಬೆಹುಲ್ಲಿಗೆ, ಅಂದರೆ ನಮ್ಮ ಮಜ್ಜಿಗೆಹುಲ್ಲಿಗೆ, ವಾಸನೆ ಕೊಡುವುದೂ ಇದೇ. ಕಿತ್ತಳೆ ಬಣ್ಣದ ಟೊಮೆಟೊಗಳಲ್ಲಿ ಕೆಲವಕ್ಕೆ ಬೀಟಾ ಕ್ಯಾರೋಟಿನ್‌ನಿಂದ ಬಣ್ಣ ಬಂದಿರುತ್ತದೆ. ಅದು ಮುರಿದರೆ ಬೀಟಾ ಅಯೊನೋನ್, ಹೂವಿನಂಥ ಪರಿಮಳ. ಸಂಪಿಗೆಯ ವಾಸನೆಯಲ್ಲೂ ಇದರ ಪಾಲಿದೆ. ಇದರ ಒಂದು ಗ್ರಾಂ ಸುಮಾರು 14 ಕೋಟಿ ಲೀಟರ್ ನೀರಿಗೆ ಬೆರೆತರೂ ಮೂಗು ಗುರುತಿಸಬಲ್ಲದು. ಎಲ್ಲರ ಮೂಗೂ ಅಲ್ಲ. ಬೀಟಾ ಅಯೊನೋನ್ ಹಿಡಿಯುವ ಶಕ್ತಿ ಹುಟ್ಟಿನಿಂದಲೇ ಕೆಲವರಿಗೆ ಕಮ್ಮಿ. ಒಂದೇ ಹಣ್ಣನ್ನು ತಿಂದ ಇಬ್ಬರು ರುಚಿಯ ಬಗ್ಗೆ ಜಗಳ ಆಡಿದರೆ ಇಬ್ಬರೂ ಸರಿಯಿರಬಹುದು.

ತಿರುಳೂ ಹಳದಿಯಾಗಿರುವ ಟೊಮೆಟೊದ ಕಥೆ ಬೇರೆ. ಅದರಲ್ಲಿ ಈ ಬಣ್ಣಗಳನ್ನು ಕಟ್ಟುವ ಮೊದಲ ಹಂತದ ಜೀನ್ ಕೆಟ್ಟಿರುತ್ತದೆ. ಮುರಿಯಲು ಆ ಬಣ್ಣಗಳೇ ಹೆಚ್ಚುಕಮ್ಮಿ ಇಲ್ಲದ ಮೇಲೆ ತುಂಡುಗಳೂ ಇಲ್ಲವೆಂದೇ ಹೇಳಬೇಕು. 2005ರಲ್ಲಿ ಇಸ್ರೇಲ್‌ನ ವಿಜ್ಞಾನಿಗಳು ಟೊಮೆಟೊ ಮತ್ತು ಕಲ್ಲಂಗಡಿಯ ಬೇರೆ ಬೇರೆ ಬಣ್ಣದ ತಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಎರಡು ಹಣ್ಣುಗಳಿಗೂ ಸಂಬಂಧವೇ ಇಲ್ಲ. ಆದರೂ ಬಣ್ಣಕ್ಕೂ ಪರಿಮಳಕ್ಕೂ ಇರುವ ನಂಟು ಎರಡರಲ್ಲೂ ಒಂದೇ ಥರ ಕಂಡಿತು.

ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಕ್ಲೀ ತಂಡ 2012ರಲ್ಲಿ ಪ್ರಕಟಿಸಿದ ಕೆಲಸ ನನಗೆ ಬಹಳ ಇಷ್ಟ. ಹತ್ತಾರು ತಳಿಗಳನ್ನು ಜನರಿಗೆ ತಿನ್ನಿಸಿ ಅಂಕ ಕೇಳಿದರು. ಯೆಲ್ಲೋ ಜೆಲ್ಲಿ ಬೀನ್ ಎಂಬ ಹಳದಿ ತಳಿಯಲ್ಲಿ ಸಕ್ಕರೆ ಸ್ವಲ್ಪ ಜಾಸ್ತಿಯೇ ಇತ್ತು. ಆದರೆ ಮಟೀನಾ ಎಂಬ ಕೆಂಪು ತಳಿಯೇ ಸುಮಾರು ಎರಡು ಪಟ್ಟು ಸಿಹಿ ಎಂದು ಜನ ಹೇಳಿದರು. ನಾಲಿಗೆಗೆ ಸಿಕ್ಕಿದ ಸಕ್ಕರೆ ಕಮ್ಮಿ, ಆದರೆ ಮೂಗಿಗೆ ಬಂದ ಪರಿಮಳ ಸಿಹಿಯನ್ನು ಹೆಚ್ಚಿಸಿ ತೋರಿಸಿತ್ತು. ಹಾಗೆ ಸಿಹಿ ಹೆಚ್ಚಿಸುವ ವಸ್ತುಗಳಲ್ಲಿ ಜೆರಾನಿಯಲ್ ಕೂಡ ಒಂದು. ಬಣ್ಣದ ತುಂಡು ಮಾಡುವ ಕೆಲಸ ಇದು.

ಇಷ್ಟು ಕೇಳಿ ಎಲ್ಲವನ್ನೂ ಬಣ್ಣದ ಮೇಲೆ ಹೊರಿಸಬಾರದು. ಹುಳಿ ಬರುವುದು ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲದಿಂದ, ಅದಕ್ಕೆ ಬಣ್ಣದ ಹಂಗಿಲ್ಲ. ‘ಹಳದಿ ಟೊಮೆಟೊ ಹುಳಿ ಕಮ್ಮಿ’ ಅನ್ನುವುದು ತಳಿಯ ಮಾತಾಗಬಹುದು, ಬಣ್ಣದ ಮಾತಲ್ಲ. ಹೆಚ್ಚುವಾಗ ಬರುವ ಹಸಿ ವಾಸನೆ ಹಣ್ಣಿನ ಕೊಬ್ಬಿನಂಶ ಮುರಿದು ಬರುವಂಥದ್ದು.

ಹಾಗಾದರೆ ಅಂಗಡಿಯ ಕೆಂಪು ಹಣ್ಣು ಸಪ್ಪೆ ಯಾಕೆ? ಒಂದು ಕಾರಣ ತಳಿಯಲ್ಲೇ ಇದೆ. ಹಳೆಯ ತಳಿಗಳ ಕಾಯಿಯಲ್ಲಿ ತೊಟ್ಟಿನ ಸುತ್ತ ಕಡು ಹಸಿರು ಇರುತ್ತದೆ. ನಮ್ಮ ನಾಟಿ ಟೊಮೆಟೊದಲ್ಲೂ ಇದನ್ನು ಕಾಣಬಹುದು. ಇಡೀ ಕಾಯಿ ಒಂದೇ ತಿಳಿ ಹಸಿರಾಗಿದ್ದು, ಒಂದೇ ಸಮ ಕೆಂಪಾಗುವ ಗುಣ ಕೊಯ್ಲಿಗೂ ಮಾರುಕಟ್ಟೆಗೂ ಅನುಕೂಲ. ಹಾಗಾಗಿ ತಳಿ ತಜ್ಞರು ದಶಕಗಳ ಕಾಲ ಅದನ್ನೇ ಆರಿಸಿದರು. 2012ರಲ್ಲಿ ಇದರ ಹಿಂದಿನ ಜೀನ್ ಸಿಕ್ಕಿತು. ಕಾಯಿಯಲ್ಲಿ ಹಸಿರು ಕಣಗಳನ್ನು ಬೆಳೆಸುವ ಜೀನ್ ಅದು. ಒಂದೇ ಸಮ ಮಾಗುವ ತಳಿಗಳಲ್ಲಿ ಅದು ಕೆಲಸ ಮಾಡುವುದಿಲ್ಲ. ಹಸಿರು ಕಣ ಇದ್ದರೆ ಕಾಯಿ ತಾನೇ ಬಿಸಿಲಿನಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಮಾಗುವಾಗ ಅದೇ ಕಣಗಳು ಕೆಂಪು ಬಣ್ಣದ ಕಣಗಳಾಗಿ ಬದಲಾಗುತ್ತವೆ. ಅವು ಕಮ್ಮಿಯಾದರೆ ಸಕ್ಕರೆಯೂ ಕಮ್ಮಿ, ಲೈಕೋಪೀನೂ ಕಮ್ಮಿ. ಅಂದಕ್ಕೆ ಆರಿಸಿದ್ದು ರುಚಿಯನ್ನೇ ತಿಂದಿತು. ಇದು ನನಗೆ ನಿಜವಾಗಿ ಬೇಸರ ತರುವ ಸಂಗತಿ.

ಇನ್ನೊಂದು ಕಾರಣ ಕೊಯ್ಲು. ಕೋಲಾರದ ಮಾರುಕಟ್ಟೆಯಿಂದ ದೂರದ ರಾಜ್ಯಗಳಿಗೆ ಲಾರಿ ಹತ್ತುವ ಹಣ್ಣನ್ನು ಕೆಂಪಾಗಿಸಿ ಕೀಳಲು ಆಗುವುದಿಲ್ಲ, ದಾರಿಯಲ್ಲೇ ಒಡೆದುಹೋಗುತ್ತದೆ. ದೋರೆಗಾಯಿಯಾಗಿದ್ದಾಗಲೇ ಕಿತ್ತು ಕ್ರೇಟ್ ತುಂಬುತ್ತಾರೆ. ಬಣ್ಣ ತಿರುಗಲು ಶುರುವಾದ ಕಾಯಿ ಹಣ್ಣು ಮಾಗಿಸುವ ತನ್ನದೇ ಎಥಿಲೀನ್ ಅನಿಲದಿಂದ ಕ್ರೇಟಿನಲ್ಲೇ ಕೆಂಪಾಗುತ್ತದೆ. ಆದರೆ ಗಿಡದಿಂದ ಬರಬೇಕಿದ್ದ ಸಕ್ಕರೆ ನಿಂತುಹೋಗಿರುತ್ತದೆ. ಸಕ್ಕರೆಯಾಗಿ ಬದಲಾಗಲು ಕಾಯಿಯಲ್ಲಿ ಪಿಷ್ಟವೂ ಅಷ್ಟಾಗಿ ಉಳಿದಿರುವುದಿಲ್ಲ. ಜೊತೆಗೆ, ಮಾಗುವಾಗ ಬಣ್ಣ ಮೊದಲು ಬರುತ್ತದೆ, ಅದು ಮುರಿದು ಪರಿಮಳವಾಗುವುದು ಆಮೇಲೆ. ಕೆಂಪು ಕಂಡ ತಕ್ಷಣ ಹೆಚ್ಚಿದರೆ ಎರಡನೆಯದಕ್ಕೆ ಸಮಯವೇ ಸಿಗುವುದಿಲ್ಲ. ಒಂದೆರಡು ದಿನ ಹೊರಗಿಟ್ಟು ಕಾಯಿರಿ.

ಬೇಸಿಗೆಯ ಮಾತನ್ನೂ ಹೇಳಬೇಕು. ಬಿಸಿಲು 30-32 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಿಡ ಲೈಕೋಪೀನ್ ಕಟ್ಟುವುದನ್ನು ತಗ್ಗಿಸುತ್ತದೆ. ಬೀಟಾ ಕ್ಯಾರೋಟಿನ್ ಮಾತ್ರ ಆಗುತ್ತಲೇ ಇರುತ್ತದೆ. ಏಪ್ರಿಲ್, ಮೇ ತಿಂಗಳ ಹಣ್ಣು ಕೆಂಪಾಗದೆ ಕಿತ್ತಳೆಯಲ್ಲೇ ನಿಂತರೆ ರೈತರು ಸುಮ್ನೆ ಔಷಧಿ ಹೊಡೆಯುತ್ತಾರೆ. ಇದು ರೋಗವಲ್ಲ, ಸೆಕೆ. ಎಲೆಗಳ ನೆರಳು ಕಾಯಿಗೆ ಬೀಳುವಂತೆ ನೋಡಿಕೊಳ್ಳಿ, ಬೇಸಿಗೆಯಲ್ಲಿ ಎಲೆ ಸವರಬೇಡಿ. ಆದರೆ ಬಣ್ಣ ತೇಪೆ ತೇಪೆಯಾಗಿ ತಿರುಗುತ್ತಿದ್ದರೆ ಪೊಟ್ಯಾಷ್ ಕೊರತೆಯೂ ಇರಬಹುದು, ಮಣ್ಣು ಪರೀಕ್ಷೆ ಮಾಡಿಸಿ.

ತಾರಸಿ ತೋಟದವರು ಕಪ್ಪು, ನೇರಳೆ ಟೊಮೆಟೊ ಬಗ್ಗೆ ಕೇಳುತ್ತಾರೆ. ಕಂದುಗಪ್ಪು ಹಣ್ಣಿನಲ್ಲಿ ಹಸಿರು ಪೂರ್ತಿ ಹೋಗದೆ ಲೈಕೋಪೀನ್ ಜೊತೆಗೇ ಉಳಿದಿರುತ್ತದೆ. ಚೆರೋಕಿ ಪರ್ಪಲ್ ಈ ಬಗೆಯದು, ರುಚಿಗೆ ಹೆಸರಾದದ್ದು. 2012ರಲ್ಲಿ ಅಮೆರಿಕದ ಆರೆಗಾನ್‌ನಿಂದ ಬಂದ ಇಂಡಿಗೋ ರೋಸ್ ಥರದ ನೇರಳೆ ಹಣ್ಣಿನ ಸಿಪ್ಪೆಗೆ ಬಣ್ಣ ಕೊಡುವುದು ಆಂಥೋಸಯನಿನ್. ಬಿಸಿಲು ಬಿದ್ದ ಕಡೆ ಮಾತ್ರ ಅದು ಮೂಡುತ್ತದೆ. ಲೈಕೋಪೀನ್ ಥರ ಮುರಿದು ಪರಿಮಳ ಕೊಡುವ ಬಣ್ಣ ಅದಲ್ಲ.

ಫ್ರಿಜ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಹಣ್ಣನ್ನು ಒಂದು ವಾರ 5 ಡಿಗ್ರಿಯಲ್ಲಿಟ್ಟು ನೋಡಿದ ಅಧ್ಯಯನ 2016ರಲ್ಲಿ ಬಂತು. ಸಕ್ಕರೆ, ಹುಳಿ ಹೆಚ್ಚುಕಮ್ಮಿ ಹಾಗೇ ಇದ್ದವು, ಪರಿಮಳ ಮಾತ್ರ ಬಹಳ ಕುಸಿದಿತ್ತು. ಹೊರಗೆ ತೆಗೆದಿಟ್ಟ ಮೇಲೂ ಪೂರ್ತಿ ಮರಳಲಿಲ್ಲ. ಕೋಸಂಬರಿಗೆ, ಹಸಿಯಾಗಿ ತಿನ್ನಲು ಇಟ್ಟ ಹಣ್ಣು ಅಡುಗೆಮನೆ ಕಟ್ಟೆಯ ಮೇಲೇ ಇರಲಿ. ತೀರಾ ಮೆತ್ತಗಾಗಿ ಕೆಡುವಂತಿರುವುದನ್ನು ಫ್ರಿಜ್‌ಗೆ ಹಾಕಿ, ಗೊಜ್ಜಿಗೆ ಬಳಸಿ. ಕುದಿಸಿದಾಗ ಹಸಿ ಹಣ್ಣಿನ ಪರಿಮಳ ಹೇಗೂ ಹಾರಿಹೋಗುತ್ತದೆ. ಅದರ ಬದಲು ಗುಲಾಬಿಯಲ್ಲೂ ಇರುವ ಬೀಟಾ ಡಮಾಸ್ಕೆನೋನ್ ಬಿಸಿಗೆ ಬಿಡುಗಡೆಯಾಗುತ್ತದೆ. ಅದರ ಮೂಲವೂ ಇಂಥದ್ದೇ ಒಂದು ಬಣ್ಣ.