ಬಡ್ಸ್ ಹಾಕಿದ್ರೆ ಎಫ್‌ಎಂ ಬರಲ್ಲ ಸಾರ್

ಡಿಸ್‌ಪ್ಲೇ ಒಡೆದುಕೊಂಡು ಬರುವವರು, ಫೋನನ್ನು ಬಕೆಟ್ಟಿಗೆ ಬೀಳಿಸಿಕೊಂಡು ಬರುವವರು, ಚಾರ್ಜಿಂಗ್ ಪಿನ್ ಕಿತ್ತುಹೋದವರು, ಇವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಬೆಂಗಳೂರಿನ ಹನುಮಂತನಗರದ ಈ ಮೊಬೈಲ್ ರಿಪೇರಿ ಗೂಡಂಗಡಿಯ ಬಾಡಿಗೆ ನಡೆಯುತ್ತಿರುವುದೇ ಅವರಿಂದ. ತಲೆ ತಿನ್ನುವವರು ಬೇರೆ. "ಫೋನಲ್ಲಿ ಎಲ್ಲಾ ಸರಿ ಇದೆ, ಎಫ್‌ಎಂ ಮಾತ್ರ ಬರ್ತಿಲ್ಲ, ಬೋರ್ಡ್ ಹೋಗಿರಬೇಕು" ಎಂದು ಬರುತ್ತಾರೆ. ಕಿವಿಯಲ್ಲಿ ಬ್ಲೂಟೂತ್ ಬಡ್ಸ್. ಫೋನಿನ ಹೆಡ್‌ಫೋನ್ ತೂತು ಖಾಲಿ. ಹೆಡ್‌ಸೆಟ್ ಸಿಕ್ಕಿಸಿ ಎಂದು ಸ್ಕ್ರೀನ್ ಪಾಪ ಬಾಯಿ ಬಡಿದುಕೊಳ್ಳುತ್ತಿರುತ್ತದೆ.

"ಇಯರ್‌ಫೋನ್ ಹಾಕಿ ಸಾರ್" ಎಂದರೆ ಕಿವಿ ತೋರಿಸುತ್ತಾರೆ. "ಹಾಕಿದೀನಲ್ಲ?"

ಇಲ್ಲೇ ಎಡವಟ್ಟು ಆಗೋದು. ಎಫ್‌ಎಂಗೆ ಇಯರ್‌ಫೋನ್ ಬೇಕಾಗಿರುವುದು ನೀವು ಕೇಳಲಿ ಅಂತಲ್ಲ. ಅದಕ್ಕೆ ಬೇಕಾಗಿರುವುದು ವೈರ್. ಆ ವೈರೇ ಆಂಟೆನಾ. ಕಿವಿಗೆ ಇಟ್ಟುಕೊಳ್ಳುವ ತುದಿ ಕೆಟ್ಟಿದ್ದರೂ ನಡೆಯುತ್ತದೆ, ಒಂದು ಕಿವಿ ಕಿತ್ತುಹೋಗಿದ್ದರೂ ನಡೆಯುತ್ತದೆ. ಎರಡೂ ತುದಿಗೆ ಹೆಡ್‌ಫೋನ್ ಪಿನ್ ಇರುವ ಬರೀ ಆಕ್ಸ್ ಕೇಬಲ್ ಸಿಕ್ಕಿಸಿದರೂ ಎಷ್ಟೋ ಫೋನ್‌ಗಳಲ್ಲಿ ಸ್ಟೇಷನ್ ಹಿಡಿಯುತ್ತದೆ. ಬಡ್ಸ್‌ನಲ್ಲಿ ವೈರೇ ಇಲ್ಲವಲ್ಲ, ಆಂಟೆನಾ ಎಲ್ಲಿಂದ ಬರಬೇಕು?

"ಬ್ಲೂಟೂತ್‌ಗೆ, ವೈಫೈಗೆ ವೈರ್ ಬೇಡ, ಇದಕ್ಕೆ ಯಾಕೆ?" ಎಂದು ಎಲ್ಲರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬ್ಲೂಟೂತ್ ಓಡುವುದು 2,400 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅದರ ಒಂದು ಅಲೆಯ ಉದ್ದ 12-13 ಸೆಂಟಿಮೀಟರ್ ಅಷ್ಟೇ. ಆಂಟೆನಾ ಸಾಮಾನ್ಯವಾಗಿ ಅದರ ಕಾಲುಭಾಗ ಇದ್ದರೆ ಸಾಕು, ಫೋನಿನ ಒಂದು ಮೂಲೆಯಲ್ಲಿ ಕೂತುಬಿಡುತ್ತದೆ. ನಮ್ಮ ಎಫ್‌ಎಂ ಇರುವುದು 87.5ರಿಂದ 108 ಮೆಗಾಹರ್ಟ್ಸ್‌ನಲ್ಲಿ. ಅಲೆ ಸುಮಾರು 3 ಮೀಟರ್. ಅದರ ಕಾಲುಭಾಗ ಎಂದರೆ 75 ಸೆಂಟಿಮೀಟರ್. ಇಡೀ ಫೋನೇ 16 ಸೆಂಟಿಮೀಟರ್ ಉದ್ದ ಇರುವಾಗ ಅಷ್ಟು ಉದ್ದದ ತಂತಿ ಎಲ್ಲಿ ತುರುಕುವುದು? ಹೇಗೂ ಜನ ಒಂದು ಮೀಟರಿನ ಇಯರ್‌ಫೋನ್ ಸಿಕ್ಕಿಸುತ್ತಾರೆ, ಅದನ್ನೇ ಬಳಸಿಕೊಳ್ಳೋಣ ಎಂದು ಫೋನ್ ಮಾಡಿದವರು ಲೆಕ್ಕ ಹಾಕಿದರು. ಆಗ ಬಡ್ಸ್ ಇರಲಿಲ್ಲ.

ಹಾಗಂತ ವೈರ್ ಸಿಕ್ಕಿಸಿ ಸುತ್ತಿ ಜೇಬಿಗೆ ಹಾಕಿಕೊಂಡರೆ ಬರೀ ಗೊರಗೊರ. ಉದ್ದಕ್ಕೆ ಇಳಿಬಿಡಿ. ಮನೆಯಲ್ಲಾದರೆ ಕಿಟಕಿ ಹತ್ತಿರ ಇಡಿ. ಎಫ್‌ಎಂ ಆ್ಯಪ್ ಒಳಗೇ ಸ್ಪೀಕರ್ ಬಟನ್ ಇರುತ್ತದೆ, ಒತ್ತಿದರೆ ಕಿವಿಗೆ ಏನೂ ಹಾಕಿಕೊಳ್ಳದೆ ಕೇಳಬಹುದು. ವೈರೂ ಸಿಕ್ಕಿಸಿ ಬಡ್ಸ್‌ನಲ್ಲೂ ಕೇಳಬಹುದಾ ಅಂದರೆ, ಕೆಲವು ಫೋನ್ ಬಿಡುತ್ತವೆ, ಕೆಲವು ಬಿಡಲ್ಲ.

ನಮ್ಮ ಏರಿಯಾದಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರಿದ್ದಾರೆ. ಆಕಾಶವಾಣಿಯ ಅಮೃತವರ್ಷಿಣಿ, 100.1, ಅವರಿಗೆ ಉಸಿರಿದ್ದ ಹಾಗೆ. ಮಗಳು ಹೊಸ ಫೋನು, ಜೊತೆಗೆ ಬಡ್ಸ್ ಕೊಡಿಸಿದ್ದಳು. ಎಫ್‌ಎಂ ಬರಲಿಲ್ಲ. ಬೇರೆಲ್ಲೋ ತೋರಿಸಿದ್ದಾರೆ. ಆ ಪುಣ್ಯಾತ್ಮ "ಎಫ್‌ಎಂ ಐಸಿ ಹೋಗಿದೆ, ಎರಡೂವರೆ ಸಾವಿರ ಆಗುತ್ತೆ" ಎಂದು ಹೇಳಿ ಕಳಿಸಿದ್ದಾನೆ. ಐಸಿ ಅಂದರೆ ಚಿಪ್. ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಸಾಮಾನ್ಯವಾಗಿ ಎಫ್‌ಎಂ, ವೈಫೈ, ಬ್ಲೂಟೂತ್ ಮೂರೂ ಒಂದೇ ಚಿಪ್‌ನಲ್ಲಿ ಇರುತ್ತವೆ. ವೈಫೈ, ಬ್ಲೂಟೂತ್ ಎರಡೂ ಸರಿ ಇದ್ದು ಎಫ್‌ಎಂ ಒಂದೇ ಸತ್ತಿದೆ ಎಂದು ಯಾರಾದರೂ ಹೇಳಿದರೆ, ಆಗಲೇ ಆಗಲ್ಲ ಅಂತ ನಾನು ಹೇಳಲ್ಲ, ಆದರೆ ದುಡ್ಡು ಕೊಡುವ ಮೊದಲು ಇನ್ನೊಂದು ಕಡೆ ತೋರಿಸಿ.

ಡ್ರಾಯರ್‌ನಲ್ಲಿ ಬಲಗಿವಿ ಇಲ್ಲದ ಒಂದು ಹಳೇ ಇಯರ್‌ಫೋನ್ ಬಿದ್ದಿತ್ತು. ಸಿಕ್ಕಿಸಿದೆ. ಪೂರ್ತಿ ಕೂರಲಿಲ್ಲ. ಟೂತ್‌ಪಿಕ್‌ನಿಂದ ತೂತಿನೊಳಗಿನ ಧೂಳು ತೆಗೆದರೆ ಸಣ್ಣ ಹತ್ತಿಯುಂಡೆಯೇ ಬಂತು, ಪ್ಯಾಂಟ್ ಜೇಬಿನದು. ಮತ್ತೆ ಸಿಕ್ಕಿಸಿದಾಗ ಟಕ್ ಅಂತ ಕೂತಿತು. ವೈರನ್ನು ಕೌಂಟರಿನ ಮೊಳೆಗೆ ತಗುಲಿಹಾಕಿ ಸ್ಪೀಕರ್ ಒತ್ತಿದೆ, ವೀಣೆ ಶುರುವಾಯಿತು. ಮೇಷ್ಟ್ರು ರಾಗದ ಹೆಸರು ಹೇಳಿದರು, ನನಗೆ ಗೊತ್ತಾಗಲಿಲ್ಲ. ಕೃತಿ ಮುಗಿಯುವ ತನಕ ಅಲ್ಲಾಡಲಿಲ್ಲ, ಹಿಂದೆ ಇಬ್ಬರು ಕಾಯುತ್ತಿದ್ದರು. ಕಸಕ್ಕೆ ಹೋಗಬೇಕಿದ್ದ ವೈರಿಗೆ ಇಪ್ಪತ್ತು ರೂಪಾಯಿ ಕೊಟ್ಟೇ ಹೋದರು, ಬೇಡ ಅಂದರೂ ಕೇಳಲಿಲ್ಲ.

ಇನ್ನೊಂದು ವಾದ ಬರುತ್ತದೆ, ಹೆಚ್ಚಾಗಿ ಹೂವಿನ ಅಮ್ಮಂದಿರಿಂದ, ಆಟೋದವರಿಂದ. "ನನ್ನ ಡಬ್ಬಾ ಕೀಪ್ಯಾಡ್ ಫೋನಲ್ಲಿ ವೈರಿಲ್ಲದೆ ಬರ್ತಿತ್ತಲ್ಲಪ್ಪಾ, ಇಷ್ಟು ದುಡ್ಡು ಕೊಟ್ಟಿದ್ದಕ್ಕೆ ಬರಲ್ವಾ?" ಅವರು ಹೇಳುವುದು ನಿಜ. ನೋಕಿಯಾ 105 ತರಹದ ಕೆಲವು ಕೀಪ್ಯಾಡ್ ಸೆಟ್‌ಗಳಿಗೆ ವೈರ್‌ಲೆಸ್ ಎಫ್‌ಎಂ ಎಂದು ಒಳಗೇ ಆಂಟೆನಾ ಕೊಟ್ಟಿರುತ್ತಾರೆ. ಉದ್ದ ಕಮ್ಮಿ ಇರುವುದರಿಂದ ದೂರದ ಸ್ಟೇಷನ್ ಹಿಡಿಯುವುದು ಕಷ್ಟ. ಊರೊಳಗೆ, ಸಿಗ್ನಲ್ ಜೋರಾಗಿರುವ ಕಡೆ, ಬರುತ್ತದೆ. ಸ್ಮಾರ್ಟ್‌ಫೋನ್ ಮಾಡುವವರು ಅಷ್ಟು ಜಾಗವನ್ನೂ ಎಫ್‌ಎಂಗೆ ಬಿಡುವುದು ಅಪರೂಪ. ದುಡ್ಡಿಗೂ ಅದಕ್ಕೂ ಸಂಬಂಧ ಇಲ್ಲ ಅಮ್ಮ.

ವೈರ್ ಬೇಡದ ಎಫ್‌ಎಂ ಆ್ಯಪ್ ಹಾಕಿಕೊಂಡಿದ್ದೇನೆ ಎನ್ನುವವರಿಗೆ ಒಂದೇ ಮಾತು: ಅದು ಇಂಟರ್‌ನೆಟ್. ಡೇಟಾ ಆಫ್ ಮಾಡಿ ನೋಡಿ, ಗೊತ್ತಾಗುತ್ತದೆ. ಕಡಿಮೆ ವೇಗದಲ್ಲಿ, 64 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 64 ಕಿಲೋಬಿಟ್) ಬಂದರೂ ಗಂಟೆಗೆ ಸುಮಾರು 29 ಎಂಬಿ ತಿನ್ನುತ್ತದೆ, ಜಾಹೀರಾತು ಬೇರೆ. ಕ್ರಿಕೆಟ್ ಕಾಮೆಂಟರಿ ಇದ್ದರೆ ಪಕ್ಕದ ಮನೆಯವರು ಕೂಗಿದ ಮೇಲೆ ನಿಮಗೆ ವಿಕೆಟ್ ಬೀಳುತ್ತದೆ. ಆದರೆ ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್, ಅಂದರೆ 612 ಕಿಲೋಹರ್ಟ್ಸ್ ಕೇಳಬೇಕು ಎನ್ನುವ ಹಿರಿಯರಿಗೆ ಇಂಟರ್‌ನೆಟ್‌ನಲ್ಲಿ ಆಕಾಶವಾಣಿ ಕೇಳಿಸುವ ನ್ಯೂಸ್ ಆನ್ ಏರ್ ಆ್ಯಪ್ ನಾನೇ ಹಾಕಿಕೊಡುತ್ತೇನೆ. 612 ಎಫ್‌ಎಂ ಅಲ್ಲ, ಅದರ ಅಲೆ 490 ಮೀಟರ್. ಎಂಥ ವೈರ್ ಸಿಕ್ಕಿಸಿದರೂ ಮೊಬೈಲ್ ಹಿಡಿಯಲ್ಲ.

ಐಫೋನಿನವರು ದಯವಿಟ್ಟು ಕೇಳಬೇಡಿ. ಐಫೋನ್ 7, 8ರಲ್ಲಿ ಎಫ್‌ಎಂ ಚಿಪ್ಪೂ ಇಲ್ಲ, ಆಂಟೆನಾನೂ ಇಲ್ಲ ಎಂದು ಆ್ಯಪಲ್ 2017ರಲ್ಲೇ ಹೇಳಿತ್ತು. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಚಿಪ್‌ನಲ್ಲಿ ಎಫ್‌ಎಂ ಇದ್ದರೂ ಕಂಪನಿಯವರು ಆನ್ ಮಾಡಿರಲ್ಲ. ಎಫ್‌ಎಂ ಇದ್ದರೆ ಮುಚ್ಚಿಡಬೇಡಿ ಎಂದು 2023ರಲ್ಲಿ ಕೇಂದ್ರದ ಐಟಿ ಸಚಿವಾಲಯ ಫೋನ್ ತಯಾರಕರಿಗೆ ಸಲಹೆ ಕೊಟ್ಟಿತ್ತು. ಅದನ್ನು ಹಿಡಿದುಕೊಂಡು "ಸಾಫ್ಟ್‌ವೇರ್ ಹೊಡೆದು ಆನ್ ಮಾಡಿಕೊಡಿ" ಎಂದು ಬರುವ ಹುಡುಗರಿದ್ದಾರೆ. ಮಾಡಲ್ಲ. ಫೋನ್ ಸತ್ತರೆ, ಬ್ಯಾಂಕ್ ಆ್ಯಪ್ ನಿಂತುಹೋದರೆ, ಬೈಗುಳ ನನಗೆ ತಾನೇ.

ಈಗಿನ ದೊಡ್ಡ ಗೋಜಲು ಟೈಪ್-ಸಿ. ಎಷ್ಟೋ ಹೊಸ ಫೋನ್‌ಗಳಲ್ಲಿ ಹೆಡ್‌ಫೋನಿನ ದುಂಡನೆಯ ತೂತೇ ಇಲ್ಲ, ಚಾರ್ಜ್ ಮಾಡುವ ಟೈಪ್-ಸಿ ತೂತಿಗೇ ಇಯರ್‌ಫೋನ್ ಸಿಕ್ಕಿಸಲು ಕನ್ವರ್ಟರ್ ಬೇಕು. ನೋಡೋಕೆ ಎಲ್ಲಾ ಒಂದೇ ತರಹ ಇರುತ್ತವೆ. ಕೆಲವು ಬರೀ ತಂತಿ ಜೋಡಿಸಿದ್ದು. ಕೆಲವುದರೊಳಗೆ ಸಣ್ಣ ಚಿಪ್ ಇರುತ್ತದೆ. ಚಿಪ್ ಇರುವುದರಲ್ಲಿ ಹಾಡು ಚೆನ್ನಾಗಿ ಕೇಳಿದರೂ ಎಫ್‌ಎಂ ಬಾರದೇ ಇರಬಹುದು, ಯಾಕೆಂದರೆ ಇಯರ್‌ಫೋನ್ ವೈರಿಗೂ ಫೋನಿನ ರೇಡಿಯೋಗೂ ನಡುವೆ ನೇರ ದಾರಿ ಇರಲ್ಲ. ಯಾವ ಫೋನಿಗೆ ಯಾವುದು ಹೊಂದುತ್ತದೆ ಎಂದು ಫೋನ್ ನೋಡದೆ ನಾನಂತೂ ಗ್ಯಾರಂಟಿ ಕೊಡಲ್ಲ. ಮೊದಲು ಫೋನಲ್ಲಿ ಎಫ್‌ಎಂ ರೇಡಿಯೋ ಆ್ಯಪ್ ಇದೆಯಾ ನೋಡಿಕೊಳ್ಳಿ. ಇದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗುವಾಗ ಫೋನು, ಇಯರ್‌ಫೋನು ಎರಡೂ ತೆಗೆದುಕೊಂಡು ಹೋಗಿ, ಅಂಗಡಿಯವನ ಎದುರೇ ಕನ್ವರ್ಟರ್ ಹಾಕಿ 101.3 ಇಡಿ. ಆಕಾಶವಾಣಿಯ ಎಫ್‌ಎಂ ರೈನ್‌ಬೋ ಸ್ವಚ್ಛವಾಗಿ ಬಂದರೆ ದುಡ್ಡು ಕೊಡಿ. ಬರೀ ಗೊರಗೊರ ಅಂದರೆ ಹೊರಗೆ ಫುಟ್‌ಪಾತಿಗೆ ಬಂದು ಇನ್ನೊಂದು ಸಲ ನೋಡಿ. ಆ ಅಂಗಡಿಗಳ ಒಳಗೆ ಎಲ್‌ಇಡಿ ಬಲ್ಬು, ಚೀಪ್ ಚಾರ್ಜರ್‌ಗಳ ಗಲಾಟೆಯೇ ಜಾಸ್ತಿ ಇರುತ್ತದೆ.